ಅಂಕೋಲಾದ ಅಲಗೇರಿ ವಿಮಾನ ನಿಲ್ದಾಣ ಶುರುವಾಗಿದೆಯಾ? ಇಲ್ಲದಿದ್ದರೆ ಎಲ್ಲಿ ಇಳಿಯಬೇಕು?

ವಯಸ್ಸಾದ ಅಪ್ಪ-ಅಮ್ಮನನ್ನು ದೆಹಲಿಯಿಂದ ಅಂಕೋಲಾಕ್ಕೆ ಕರೆತರಬೇಕು ಎಂದಿದ್ದೀರಿ. ಅಲಗೇರಿಯಲ್ಲಿ ವಿಮಾನ ಇನ್ನೂ ಇಳಿಯುತ್ತಿಲ್ಲ. ಟಿಕೆಟ್ ಗೋವಾದ ದಾಬೋಲಿಮ್‌ಗೆ ಮಾಡಿಸಿ. ಬುಕ್ ಮಾಡುವಾಗ ಹೆಸರು ಸರಿಯಾಗಿ ನೋಡಿಕೊಳ್ಳಿ, ಗೋವಾದಲ್ಲಿ ಈಗ ಎರಡು ನಿಲ್ದಾಣಗಳಿವೆ. 2023ರಲ್ಲಿ ಶುರುವಾದ ಮೋಪಾ ಇರುವುದು ಉತ್ತರದ ತುದಿಯಲ್ಲಿ. ಅಲ್ಲಿ ಇಳಿದರೆ ಇಡೀ ಗೋವಾ ದಾಟಿ ಬರಬೇಕು. ಹೋದ ವರ್ಷ ನಮ್ಮ ಅತ್ತೆಯನ್ನು ಅಲ್ಲಿಂದ ಕಾರಿನಲ್ಲಿ ಕರೆತಂದೆ. ಗೋವಾದ ದಕ್ಷಿಣ ತುದಿಯ ಕಾಣಕೋಣ ಬರುವಷ್ಟರಲ್ಲಿ ಅವರ ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ.

ದಾಬೋಲಿಮ್‌ನಿಂದ ಮಡಗಾಂವ್‌ಗೆ ಟ್ಯಾಕ್ಸಿ ಹಿಡಿದು, ಅಲ್ಲಿಂದ ರೈಲಿನಲ್ಲಿ ಬನ್ನಿ. ಎಲ್ಲ ರೈಲೂ ಅಂಕೋಲಾದಲ್ಲಿ ನಿಲ್ಲುವುದಿಲ್ಲ, ಕಾರವಾರದಲ್ಲಿ ಇಳಿಯುವುದೇ ಸುಲಭ. ಹುಬ್ಬಳ್ಳಿಗೂ ವಿಮಾನ ಇದೆ, ಆದರೆ ಅರಬೈಲ್ ಘಟ್ಟದ ತಿರುವುಗಳಲ್ಲಿ ವಯಸ್ಸಾದವರಿಗೆ ಹೊಟ್ಟೆ ತೊಳಸುತ್ತದೆ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಅಲಗೇರಿಯದು ನೌಕಾಪಡೆಯ ವಿಮಾನ ನೆಲೆಯ ಯೋಜನೆ. ಅದರ ಜೊತೆಗೇ ಸಾರ್ವಜನಿಕರ ಟರ್ಮಿನಲ್ ಕಟ್ಟಬೇಕೆಂದಿದೆ. ದಾಬೋಲಿಮ್ ಕೂಡ ನೌಕಾಪಡೆಯದೇ, ಐಎನ್‌ಎಸ್ ಹಂಸ. ಹಾಗಾಗಿ ಇದು ಆಗದ ಮಾತಲ್ಲ. ನನಗಂತೂ ನಿಲ್ದಾಣ ಬೇಕು. ದೊಡ್ಡ ಕಾಯಿಲೆ ಬಂದರೆ ನಮ್ಮ ಜಿಲ್ಲೆಯವರು ಇವತ್ತಿಗೂ ಮಣಿಪಾಲ, ಮಂಗಳೂರು, ಗೋವಾ ಅಂತ ಓಡುತ್ತಾರೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣಿಪಾಲದ ಕಡೆ ಹೋಗುವ ಹೆದ್ದಾರಿಯೇ ಬಂದಾಗಿತ್ತು.

ಆದರೆ ಜಾಗ ಬಿಡಬೇಕಾದವರು ಅಲಗೇರಿ, ಬೇಲೆಕೇರಿ, ಭಾವಿಕೇರಿ ಕಡೆಯ ರೈತರು. ಆಗಲೇ ಹೇಳಿದ ಅತ್ತೆ ಸೀಬರ್ಡ್ ನೌಕಾನೆಲೆಗೆ ಮನೆ ಬಿಟ್ಟವರು. ಕಾರವಾರಕ್ಕೆ ಹೋಗುವಾಗ ಇವತ್ತಿಗೂ ಬಸ್ಸಿನಲ್ಲಿ ಸಮುದ್ರದ ಬದಿಯ ಸೀಟೇ ಬೇಕು ಅವರಿಗೆ. ಆ ನೆಲೆ ಇರುವ ಅರಗಾದಲ್ಲಿ ಕಾಂಪೌಂಡ್ ಗೋಡೆ ಬಿಟ್ಟರೆ ಏನೂ ಕಾಣುವುದಿಲ್ಲ, ಆದರೂ ಗೋಡೆ ಮುಗಿಯುವ ತನಕ ಅತ್ತಲೇ ನೋಡುತ್ತಿರುತ್ತಾರೆ. ಅಲಗೇರಿಯವರಿಗಾದರೂ ಪರಿಹಾರದ ದುಡ್ಡು ಮೊದಲು ಕೈಗೆ ಬರಲಿ, ಆಮೇಲೆ ಮನೆ ಬಿಡಿಸಲಿ. ಅಂಕೋಲಾದ ಕರಿ ಇಶಾಡ ಮಾವಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಅಂಥ ಹಳೇ ಮರಕ್ಕೆ ಬೆಲೆ ಕಟ್ಟುವಾಗ ಹಣ್ಣಿನ ಲೆಕ್ಕ ಹಾಕಬೇಕು, ಕಟ್ಟಿಗೆಯ ಲೆಕ್ಕವಲ್ಲ.

ಮೇ ತಿಂಗಳಲ್ಲಿ ಬರುವುದಾದರೆ ಅಂಕೋಲಾ ಪೇಟೆಯಲ್ಲಿ ಹಾಲಕ್ಕಿ ಹೆಂಗಸರ ಹತ್ತಿರ ಇಶಾಡ ಸಿಗುತ್ತದೆ. ಅಪ್ಪ-ಅಮ್ಮನಿಗೆ ಕೊಡಿಸಿ.