ಬಣ್ಣ ಬಂತು, ಪೈಪು ಬರಲಿಲ್ಲ

‘ದೇಶಕ್ಕೇ ಸ್ವಚ್ಛ ಊರು ಅಂತ ಬೀಗ್ತೀರಿ, ಮನೆ ಮುಂದೆ ನೋಡಿದ್ರೆ ಕೊಳಚೆ ಹೀರೋ ಸಕ್ಕಿಂಗ್ ಮೆಷೀನು ನಿಂತಿರುತ್ತಲ್ಲೋ’ ಅಂತ ನಾನು ಕಳಿಸಿದ ಫೋಟೋ ನೋಡಿ ನಕ್ಕೆಯಲ್ಲ, ನಗು, ಪರವಾಗಿಲ್ಲ. ಬೀಗೋದನ್ನಂತೂ ನಾವು ಬಿಡಲ್ಲ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ಊರುಗಳ ಪೈಕಿ ಮೈಸೂರು ಮೊದಲು ಬಂದಿದ್ದು ನಿಜ. ಪ್ಲೇಗಿನ ಏಟು ತಿಂದ ಮೇಲೆ 1903ರಲ್ಲೇ ಊರನ್ನ ಸುಧಾರಿಸೋಕೆ ಅಂತಲೇ ಒಂದು ಟ್ರಸ್ಟ್ ಬೋರ್ಡು ಕಟ್ಟಿಕೊಂಡವರು ನಾವು. ಹಳೇ ಮೊಹಲ್ಲಾಗಳಲ್ಲಿ ಮನೆಗಳ ಹಿಂದೆ ಇವತ್ತಿಗೂ ಕಕ್ಕಸು, ಕಸ ಸಾಗಿಸೋಕೆ ಅಂತ ಬಿಟ್ಟಿದ್ದ ಕನ್ಸರ್ವೆನ್ಸಿ ಓಣಿ ಸಿಗುತ್ತೆ. ನಿಮ್ಮ ಬೆಂಗಳೂರಿನ ಹೊಸ ಏರಿಯಾಗಳಲ್ಲಿ ಹಿತ್ತಿಲಿಗೆ ಒಂದು ಬಾಗಿಲಾದರೂ ಇದೆಯಾ?

ಆದರೆ ನಾನಿರೋದು ಆ ಮೈಸೂರಲ್ಲಲ್ಲ. ಮಾನಂದವಾಡಿ ರಸ್ತೆಯಿಂದ ಒಳಕ್ಕೆ ತಿರುಗಿ, ಲಿಂಗಾಂಬುಧಿ ಕೆರೆ ಹಿಂದೆ ಬಿಟ್ಟು, ಇನ್ನೂ ಮುಂದೆ. ರಸ್ತೆಗೆ ಕೇರಳದ ಊರಿನ ಹೆಸರು ಯಾಕೆ ಅಂತ ನೀನು ಕೇಳಿದ್ದೆಯಲ್ಲ. ಇದೇ ದಾರಿ ಹಿಡಿದು ಎಚ್.ಡಿ. ಕೋಟೆ ದಾಟಿ ಬಾವಲಿಗೆ ಹೋದರೆ ಅಲ್ಲಿಂದಾಚೆ ವಯನಾಡು. ನಮ್ಮ ಬೀದಿಯಲ್ಲಿ ಶುಂಠಿ ಬೆಳೆಯೋಕೆ ಬಂದು ಇಲ್ಲೇ ಮನೆ ಮಾಡಿದ ಮಲಯಾಳಿಗಳಿದ್ದಾರೆ, ಚಾಮರಾಜನಗರದ ಕಡೆಯವರಿದ್ದಾರೆ, ತಮಿಳು ಮನೆಮಾತಿನವರಿದ್ದಾರೆ. ಮ್ಯಾನ್‌ಹೋಲ್ ಉಕ್ಕಿದ ದಿನ ಎಲ್ಲರೂ ಬೈಯೋದು ಮಾತ್ರ ಅಚ್ಚಗನ್ನಡದಲ್ಲೇ.

ಮೈಸೂರು ದಿಬ್ಬದ ಮೇಲಿನ ಊರು. ಬಡಗಲ ಇಳಿಜಾರಿನ ನೀರು ಕಾವೇರಿ ಕಡೆ ಹೋದರೆ ತೆಂಕಲದ್ದು ಕಪಿಲೆ ಕಡೆ ಹೋಗುತ್ತೆ. ಅದಕ್ಕೇ ಕೊಳಚೆ ಶುದ್ಧೀಕರಣ ಘಟಕಗಳೂ ಒಂದೇ ಕಡೆ ಇಲ್ಲ, ಕೆಸರೆ, ವಿದ್ಯಾರಣ್ಯಪುರ, ರಾಯನಕೆರೆ ಅಂತ ಹಂಚಿಕೊಂಡಿವೆ. ವಯನಾಡಿನ ಮಳೆ ಕಪಿಲೆಯಾಗಿ ಬಂದು ನಮ್ಮ ನಲ್ಲಿ ಸೇರುತ್ತೆ. ನಾವು ಬಳಸಿ ಬಿಟ್ಟಿದ್ದು ಯಾವ ಕಡೆ ಇಳಿದರೂ ಕೊನೆಗೆ ತಿರುಮಕೂಡಲಿನ ಸಂಗಮದ ದಾರಿಯೇ ಹಿಡಿಯೋದು, ಅಲ್ಲಿಂದ ಮುಂದೆ ತಮಿಳುನಾಡು. ಮೇಲಿನವರು ಕಳಿಸಿದ್ದನ್ನ ಕುಡಿದು ಕೆಳಗಿನವರಿಗೆ ಕಳಿಸೋ ಜಾಗದಲ್ಲಿರೋರಿಗೆ ಚರಂಡಿ ಅಂದರೆ ಬರೀ ವಾಸನೆಯ ವಿಷಯ ಅಲ್ಲ ಕಣಯ್ಯ.

ಈಗ ಸಿಕ್ಕು ಎಲ್ಲಿದೆ ಹೇಳ್ತೀನಿ. ಬಡಾವಣೆ ಮಾಡಿದವರು ಒಳಗಡೆ ಯುಜಿಡಿ, ಅಂದರೆ ಒಳಚರಂಡಿ ಪೈಪು ಹಾಕಿದ್ದಾರೆ, ಇಲ್ಲ ಅನ್ನಲ್ಲ. ಅದು ಹೋಗಿ ನಿಲ್ಲೋದು ಕೊನೇ ಕ್ರಾಸಿನ ಒಂದು ಗುಂಡಿಯಲ್ಲಿ. ಬಡಾವಣೆಗಳ ಕೊಳಚೆಯನ್ನೆಲ್ಲ ಘಟಕಕ್ಕೆ ಒಯ್ಯೋ ದೊಡ್ಡ ಟ್ರಂಕ್ ಲೈನು ಇರೋದು ಒಂದು ಹೊಲದ ಆಚೆ, ನಮ್ಮ ಟೆರೇಸಿನ ಮೇಲೆ ನಿಂತರೆ ಅದರ ಮ್ಯಾನ್‌ಹೋಲಿನ ಕತ್ತು ಕಾಣುತ್ತೆ. ನಡುವಿನ ಹೊಲ ಊರಿನ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಹಸಿರು, ಅಂದರೆ ಕೃಷಿಗೆ, ನಾವು ಹಳದಿ, ಅಂದರೆ ವಾಸಕ್ಕೆ. ಹಸಿರಿನಲ್ಲಿ ರಸ್ತೆ ತೋರಿಸಿಲ್ಲ, ರಸ್ತೆ ಇಲ್ಲದ ಮೇಲೆ ಪೈಪಿಗೆ ದಾರಿ ಇಲ್ಲ. ಹೊಲದ ಯಜಮಾನರನ್ನ ಕೇಳಿದ್ದಕ್ಕೆ, ‘ನಿಮ್ಮ ಕಕ್ಕಸಿನ ಪೈಪು ಹೋಗೋಕೆ ನನ್ನ ಭೂಮಿ ಸಿಟಿ, ನಾನು ಸೈಟು ಮಾಡೋಕೆ ಹೋದ್ರೆ ಕೃಷಿ ಭೂಮಿ. ಮೊದ್ಲು ಬಣ್ಣ ಬದ್ಲಾಯ್ಸಿ, ಆಮೇಲೆ ಅಗೀರಿ’ ಅಂದರು. ಅವರ ಮಾತಲ್ಲಿ ತಪ್ಪು ಹುಡುಕೋಕೆ ನನಗಂತೂ ಆಗಲಿಲ್ಲ.

ಬಣ್ಣದ ಕಚೇರಿಗೆ, ಅಂದರೆ ಈ ನಕ್ಷೆ ಮಾಡೋರ ಹತ್ತಿರ ಹೋದರೆ, ಪ್ಲಾನ್ ಪರಿಷ್ಕರಣೆಯಲ್ಲಿ ನೋಡೋಣ ಅಂತಾರೆ. ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಅಂತ ನಗರ ಯೋಜನಾ ಕಾಯ್ದೆಯಲ್ಲೇ ಇದೆ, ಆದರೆ ಮನೆಗಳು ಹತ್ತು ವರ್ಷ ಕಾಯ್ತವಾ? ಪೈಪಿನ ಕಚೇರಿಯವರು ಬಡಾವಣೆ ಹಸ್ತಾಂತರ ಆಗಿಲ್ಲ ಅಂತಾರೆ. ಕಂದಾಯ ಕಟ್ಟಿಸಿಕೊಳ್ಳೋರಿಗೆ ಮಾತ್ರ ಯಾವ ಅನುಮಾನವೂ ಇಲ್ಲ, ರಸೀದಿ ಕೈಗೆ ಬರುತ್ತೆ.

ಈ ಹೊತ್ತಿಗೆ ಗುಂಡಿ ತುಂಬುತ್ತೆ. ನಮ್ಮವರೂ ಸಾಚಾಗಳಲ್ಲ ಬಿಡು. ಅರ್ಧ ಮನೆಯವರು ಟೆರೇಸಿನ ಮಳೆನೀರನ್ನೂ ಅದೇ ಯುಜಿಡಿಗೆ ಬಿಟ್ಟಿದ್ದಾರೆ. ಹದಮಳೆ ಬಿದ್ದರೆ ಮೂಲೆ ಮನೆ ಮುಂದಿನ ಮುಚ್ಚಳ ಒಳಗಿಂದ ಟಕಟಕ ಬಡಿಯುತ್ತೆ. ಅದು ಏಳಬಾರದು ಅಂತ ಯಾರೋ ಎರಡು ಸೈಜುಕಲ್ಲು ಹೇರಿದ್ದಾರೆ, ಈಗ ಮುಚ್ಚಳದ ಸುತ್ತ ಬೂದು ನೊರೆ ಉಕ್ಕಿ ಗೇಟಿನ ರಂಗೋಲಿಯವರೆಗೂ ಹರಿಯುತ್ತೆ. ಗುಂಡಿ ಬಳಿಯೋಕೆ ಆಳನ್ನ ಇಳಿಸೋ ಹಾಗಿಲ್ಲ. ಮಲ ಹೊರೋ ಕೆಲಸ ನಿಷೇಧಿಸಿದ 2013ರ ಕಾಯ್ದೆ ಅದನ್ನ ಅಪರಾಧ ಮಾಡಿದೆ, ಮಾಡಲೇಬೇಕಿತ್ತು. ಮೆಷೀನು ಬರೋವರೆಗೆ ಕಾಯ್ತೀವಿ. ಬಂದ ಮೆಷೀನು ತುಂಬಿಕೊಂಡು ಎಲ್ಲಿಗೆ ಹೋಗುತ್ತೆ ಅಂತ ಒಮ್ಮೆ ಡ್ರೈವರನ್ನ ಕೇಳಿದೆ. ‘ನಿಮ್ಗ್ಯಾಕೆ ಸಾರ್’ ಅಂದ. ಕತ್ತಲಾದ ಮೇಲೆ ರಾಜಕಾಲುವೆ ಹತ್ತಿರ ನಿಂತಿರೋ ಟ್ಯಾಂಕರನ್ನ ನೋಡಿದವರಿಗೆ ಕೇಳೋದೇ ಬೇಡ.

‘ಅಷ್ಟು ಕಷ್ಟ ಇದ್ರೆ ಸಿಟಿ ಒಳಗೇ ಸೈಟು ತಗೋಬಾರದಿತ್ತಾ’ ಅಂತ ನೀನಂದೆಯಲ್ಲ. ಒಳಗಿನ ರೇಟು ಗೊತ್ತಿದ್ದೂ ಹಾಗನ್ನೋಕೆ ನಿನಗೆ ಮನಸ್ಸು ಹೇಗೆ ಬಂತೋ. ಅದಿರಲಿ, ಹೂಟಗಳ್ಳಿ ನಗರಸಭೆ ಆಯಿತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು, ಈಗ ಎಲ್ಲ ಸೇರಿಸಿ ಬೃಹತ್ ಮೈಸೂರು ಅಂತಿದ್ದಾರೆ. ಹೊರಗಿದ್ದೀವಿ ಅಂತ ನಮಗ್ಯಾವತ್ತೂ ಅನ್ನಿಸಿಲ್ಲ. ಜಂಬೂಸವಾರಿ ದಿನ ಮೆಟ್ಟಿಲ ಮೇಲೆ ಜಾಗ ಹಿಡಿಯೋಕೆ ಬೆಳಗಿನ ಜಾವ ಓಡೋರು ನಾವೂ ಹೌದು.

ಹೊಸ ಪ್ಲಾನಿಗೆ ಆಕ್ಷೇಪಣೆ ಕರೆದ ದಿನ ಕೊಡೋಕೆ ಅಂತ ಬೀದಿಯವರೆಲ್ಲ ಸೇರಿ ಅರ್ಜಿ ಬರೆದಿಟ್ಟಿದ್ದೀವಿ. ಪಾರ್ಕು, ಜಿಮ್ಮು ಏನೂ ಕೇಳಿಲ್ಲ. ಬಣ್ಣ ಹಾಕೋಕೆ ಮೊದಲು ನೆಲದ ಲೆವೆಲ್ ಹಿಡಿಯಿರಿ. ಇಳಿಜಾರು ಎತ್ತ ಇದೆಯೋ ಅತ್ತ ಪೈಪಿನ ದಾರಿಯನ್ನ ನಕ್ಷೆಯಲ್ಲೇ ಗುರುತು ಮಾಡಿ. ದಾರಿಗೆ ಹೋದ ಜಾಗಕ್ಕೆ ರೈತರಿಗೆ ಪರಿಹಾರ ಕೊಡಿ. ಟ್ರಂಕ್ ಲೈನಿಗೆ ಸೇರದ ಬಡಾವಣೆಯ ಸೈಟು ಬಿಡುಗಡೆ ಮಾಡಬೇಡಿ. ಟೆರೇಸಿನ ನೀರು ಯುಜಿಡಿಗೆ ಬಿಟ್ಟವರಿಗೆ ದಂಡ ಹಾಕಿ ಅಂತ ಐದನೇ ಸಾಲು ಸೇರಿಸೋಣ ಅಂದೆ. ಅದಕ್ಕೆ ಮಾತ್ರ ಇನ್ನೂ ಅರ್ಧ ಬೀದಿ ಸಹಿ ಹಾಕಿಲ್ಲ.