ಮೊಬೈಲ್ ಪ್ರಾಜೆಕ್ಟ್ ಕೊಟ್ಟರೆ ಒಂಬತ್ತನೇ ಕ್ಲಾಸಿನ ಮಕ್ಕಳು ಆರೋಗ್ಯದ ಪಾಠ ಕೇಳುತ್ತಾರಾ?

ಖಂಡಿತ ಕೇಳುತ್ತಾರೆ. ಆದರೆ ಪ್ರಶ್ನೆ ಮಕ್ಕಳದ್ದೇ ಆಗಿರಬೇಕು. "ರಕ್ತಹೀನತೆ ಬಗ್ಗೆ ಪಿಪಿಟಿ ಮಾಡಿ" ಅಂದರೆ ಗೂಗಲ್‌ನಿಂದ ಎತ್ತಿ ಅಂಟಿಸಿ ತರುತ್ತಾರೆ, ಅಷ್ಟೇ.

ನಾನು ವಿರಾಜಪೇಟೆ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ರಕ್ತಹೀನತೆ ಆಗದಿರಲಿ ಅಂತ ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣದ ನೀಲಿ ಮಾತ್ರೆ ಕೊಡ್ತೀವಲ್ಲ, "ಹೊಟ್ಟೆ ತೊಳೆಸುತ್ತೆ, ಯಾಕೆ ನುಂಗಬೇಕು ಮಿಸ್?" ಅಂತ ಒಬ್ಬ ಹುಡುಗಿ ಕೇಳಿದಳು. ಅದನ್ನೇ ಅವಳ ಗುಂಪಿಗೆ ಪ್ರಾಜೆಕ್ಟ್ ಮಾಡಿಕೊಟ್ಟೆ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ ಅಂತ ಬರೆದುಕೊಂಡರು. ಆರೋಗ್ಯ ಕೇಂದ್ರದ ಸಿಸ್ಟರ್ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತಂದರು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಸಂಕಟ ಜಾಸ್ತಿ, ಊಟ ಆದ ಮೇಲೆ ತಗೊಳ್ಳಬೇಕು. ಜೊತೆಗೇ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಕಿತ್ತಳೆ, ನಿಂಬೆ, ನೆಲ್ಲಿಕಾಯಿ ತಿಂದರೆ ಚೆನ್ನಾಗಿ ಹತ್ತುತ್ತೆ. ಕಾಫಿ ತೋಟದ ನಡುವೆ ಬೆಳೆದ ಮಕ್ಕಳು ಇದನ್ನು ಕೇಳಿ ಸುಮ್ನೆ ಕೂರುತ್ತಾರಾ? ಊಟದ ಜೊತೆಗೇ ಕಾಫಿ ಕುಡಿಯುವವರು ಎಷ್ಟು ಮಂದಿ ಅಂತ ಮನೆಮನೆಯಲ್ಲಿ ಕೇಳಿ, ಹಾಳೆಯಲ್ಲಿ ಬರೆದು ತಂದು, ಶಾಲೆಯ ಕಂಪ್ಯೂಟರಿನಲ್ಲಿ ಗ್ರಾಫ್ ಮಾಡಿದರು. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ನಂಬಿ ಕೂರೋಕಾಗಲ್ಲ.

ಕೊನೆಗೆ ಒಂದು ನಿಮಿಷದ ಆಡಿಯೋ. ಕೊಡವ ತಕ್ಕ್, ಮಲಯಾಳಂ, ಯರವ ಭಾಷೆ, ಅವರವರ ಮನೆಮಾತಿನಲ್ಲೇ. ಕ್ಲಾಸಿನಲ್ಲಿ ಬಾಯಿ ಬಿಡದ, ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಹುಡುಗನೊಬ್ಬ ತನ್ನ ಅಜ್ಜಿಗೆ ಅರ್ಥವಾಗುವ ಹಾಗೆ ಎಷ್ಟು ಚೆನ್ನಾಗಿ ಹೇಳಿದ ಗೊತ್ತಾ! ನನಗಂತೂ ತುಂಬಾ ಖುಷಿಯಾಯಿತು.

ಐದು ಮಂದಿಗೆ ಒಂದು ಫೋನ್ ಸಾಕು. ಆದರೆ ಫೋನ್ ಯಾರದ್ದೋ ಅವರೇ ಯಜಮಾನರಾಗಿಬಿಡುತ್ತಾರೆ, ಅದಕ್ಕೆ ಕೆಲಸ ಬದಲಾಯಿಸುತ್ತಾ ಇರಿ. ಯೂಟ್ಯೂಬ್‌ನಲ್ಲಿ ಸಿಕ್ಕಿದ್ದನ್ನು ಸಿಸ್ಟರ್ ಸರಿ ಅಂದ ಮೇಲೆಯೇ ಸೇರಿಸಲಿ. ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿ: ಯಾರ ಹಿಮೋಗ್ಲೋಬಿನ್ ಎಷ್ಟು, ಯಾರ ಮುಟ್ಟಿನ ತೊಂದರೆ ಏನು, ಇವು ಯಾವ ವಾಟ್ಸಾಪ್ ಗ್ರೂಪಿಗೂ ಹೋಗಬಾರದು. ಈ ವಯಸ್ಸಿನಲ್ಲಿ ಒಂದು ಸಲ ನಾಚಿಕೆಯಾದರೆ ಮತ್ತೆ ಆ ಮಗು ಏನನ್ನೂ ಕೇಳಲ್ಲ.

ಮಾರ್ಕ್ಸನ್ನು ವಿಡಿಯೋದ ಅಂದಕ್ಕೆ ಕೊಡಬೇಡಿ. ಎಷ್ಟು ಜನರನ್ನು ಮಾತಾಡಿಸಿದರು, ಏನು ಕೇಳಿದರು ಅಂತ ನೋಡಿ ಕೊಡಿ.

ಈಗ ಮಳೆ ಶುರುವಾಗುವ ಹೊತ್ತಾದರೆ ಡೆಂಗ್ಯೂ ಸೊಳ್ಳೆಯಿಂದ ಆರಂಭಿಸಬಹುದು. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ತೆಂಗಿನ ಚಿಪ್ಪು, ಅಡಿಕೆ ಹಾಳೆ, ಹಳೇ ಟೈರು, ಎಲ್ಲೆಲ್ಲಿ ಸೊಳ್ಳೆ ಮರಿ ಇದೆ ಅಂತ ಮಕ್ಕಳು ವಾರಕ್ಕೊಮ್ಮೆ ಫೋಟೋ ತೆಗೆದು, ಅಲ್ಲೇ ನೀರು ಚೆಲ್ಲಿ ಬರಲಿ.