ನೋವು ಎಲ್ಲಿತ್ತು, ಅದನ್ನು ಬರೆಯಿರಿ

ಪ್ರಿಯರೇ,

ಮುಂಬಯಿ ಮ್ಯಾರಥಾನಿನ ತಯಾರಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಕಾಲು ನೋಯುತ್ತಿದ್ದರೂ ಬಿಡದೆ 21 ಕಿ.ಮೀ. ಮುಗಿಸಿದ ಕಥೆ. ಈಗಿರುವಂತೆ ಪ್ರಕಟಿಸಲಾಗದು. ಭಾಷೆ ಚೆನ್ನಾಗಿದೆ, ಬೇಕಾದ ವಿವರಗಳೇ ಇಲ್ಲ.

‘ನೋವನ್ನು ಮೀರಿ ಓಡಿದೆ’ ಎಂದು ಮೂರು ಕಡೆ ಬರೆದಿದ್ದೀರಿ. ಎಲ್ಲಿಯ ನೋವು? ಮೊಣಕಾಲ ಕೆಳಗಿನ ಎಲುಬಿನ ಒಳಅಂಚಿನಲ್ಲಿ ಗೇಣುದ್ದ ಹರಡಿ, ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತಿತ್ತೇ? ಅಥವಾ ಒಂದು ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ, ಓಡಿದಷ್ಟೂ ಹೆಚ್ಚಿ, ರಾತ್ರಿ ಮಲಗಿದಾಗಲೂ ಕಾಡುತ್ತಿತ್ತೇ? ಮೊದಲನೆಯದು ಶಿನ್ ಸ್ಪ್ಲಿಂಟ್, ಅಂದರೆ ಓಟದ ಭಾರಕ್ಕೆ ಎಲುಬಿನ ಅಂಚು ಕೆರಳಿ ಬರುವ ನೋವು, ಇದ್ದೀತು. ಓಟ ತಗ್ಗಿಸಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಎರಡನೆಯದು ಎಲುಬಿನ ಸಣ್ಣ ಬಿರುಕು, ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು; ಅಲ್ಲಿ ಓಟ ನಿಲ್ಲಿಸಲೇಬೇಕು. ‘ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ’ ಎಂಬ ಸಮಾಧಾನ ಸಾಲದು. ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಎಷ್ಟೋ ಸಲ ಕಾಣುವುದೇ ಇಲ್ಲ, ಎಂಆರ್‌ಐನಲ್ಲಿ ಕಾಣುತ್ತದೆ.

ನಿಮ್ಮ ನಿಜವಾದ ವಿಷಯ ಮೂರನೇ ಪುಟದಲ್ಲಿ ಒಂದೇ ವಾಕ್ಯವಾಗಿ ಬಿದ್ದಿದೆ: ಆರು ವಾರದಲ್ಲಿ ವಾರದ ಓಟ 15 ಕಿ.ಮೀ.ನಿಂದ 40ಕ್ಕೆ ಏರಿತು, ‘ಮೈ ಇಷ್ಟು ಹಗುರ ಎಂದೂ ಆಗಿರಲಿಲ್ಲ’. ಅದೇ ವಾರ ಕಾಲು ನೋಯತೊಡಗಿತು. ಇದು ಕಾಕತಾಳೀಯವಲ್ಲ. ಹೃದಯ, ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತವೆ. ಎಲುಬಿಗೆ ತಿಂಗಳುಗಳು ಬೇಕು. ಹೊಸ ಭಾರ ಬಿದ್ದಾಗ ಎಲುಬು ಮೊದಲು ಹಳೆಯದನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟಿಕೊಳ್ಳುತ್ತದೆ. ಕರಗುವುದು ಬೇಗ, ಕಟ್ಟುವುದು ನಿಧಾನ. ನಡುವಿನ ವಾರಗಳಲ್ಲಿ ಅದು ಮುಂಚಿಗಿಂತ ದುರ್ಬಲ. ಓಡುವವರಿಗೆ ಮಾತ್ರ ಆಗಲೇ ಇನ್ನೈದು ಕಿಲೋಮೀಟರ್ ಹೋಗೋಣ ಅನ್ನಿಸುವ ಹುರುಪು. ಆನಂದವೂ ಅಪಾಯವೂ ಜತೆಜತೆಗೇ ಬರುವುದರಿಂದ ತೂಗಿ ನೋಡುವುದು ಇಷ್ಟು ಕಷ್ಟ. ಲೇಖನ ಇಲ್ಲಿಂದ ಶುರುವಾಗಲಿ. ನಮ್ಮ ಓದುಗರಲ್ಲಿ ಹೋಟೆಲ್ ಕೆಲಸದವರೂ ಇದ್ದಾರೆ. ಹತ್ತು ಗಂಟೆ ನಿಂತ ಕಾಲಿಗೆ ಓಡದ ದಿನವೂ ವಿಶ್ರಾಂತಿಯಲ್ಲ ಎಂಬುದನ್ನು ಸೇರಿಸಿ.

‘ಓಟಕ್ಕೆ ಮೊದಲೇ ನೋವಿನ ಮಾತ್ರೆ’ ಎಂಬ ಸಲಹೆ ತೆಗೆದುಹಾಕಿ. ಇದರಲ್ಲಿ ರಾಜಿ ಇಲ್ಲ. ಅಕ್ಟೋಬರಿನ ಸೆಕೆಯಲ್ಲಿ ಬೆವರು ಆರದೆ ಸುರಿಯುತ್ತದೆ. ಮೈಯ ನೀರು ಇಳಿದಾಗ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಕಿಡ್ನಿಗೆ ಪೆಟ್ಟು ಕೊಡಬಲ್ಲವು. ನಿಲ್ಲು ಎನ್ನುವ ನೋವನ್ನೂ ಮುಚ್ಚಿಡುತ್ತವೆ.

ಕೊನೆಯ ಪುಟದ ಉಪದೇಶ ಬೇಡ. ಬದಲಿಗೆ ಆನಂದವನ್ನೂ ನೋವಿನಷ್ಟೇ ನಿಖರವಾಗಿ ಬರೆಯಿರಿ. ಮರೀನ್ ಡ್ರೈವ್‌ನ ಎದುರುಗಾಳಿಯಲ್ಲಿ ಅಪರಿಚಿತರೊಬ್ಬರು ನಿಮ್ಮ ಮುಂದೆ ಬಂದು, ಮಾತಿಲ್ಲದೆ ಹೆಜ್ಜೆ ಹೊಂದಿಸಿ ಗಾಳಿ ತಡೆದ ಎರಡು ಸಾಲು ತುಂಬ ಚೆನ್ನಾಗಿವೆ. ಅವು ಅರ್ಧ ಪುಟವಾಗಲಿ. ಕಳೆದುಕೊಳ್ಳುವುದು ಏನೆಂದು ಗೊತ್ತಿಲ್ಲದ ಓದುಗರಿಗೆ, ಬಿರುಕು ಮಾಯಲೆಂದು ಆರೆಂಟು ವಾರ ಓಡದೆ ಇರುವುದು ಎಷ್ಟು ಕಷ್ಟವೆಂದು ಹೇಗೆ ಅರ್ಥವಾದೀತು?

ವಾರವಾರದ ಕಿಲೋಮೀಟರು, ನೋವು ಶುರುವಾದ ದಿನ, ವೈದ್ಯರು ಹೇಳಿದ್ದು, ಇಷ್ಟು ಸೇರಿಸಿ 900 ಪದಗಳಲ್ಲಿ ಮತ್ತೆ ಕಳಿಸಿ. ಮ್ಯಾರಥಾನ್ ಇರುವುದು ಜನವರಿಯಲ್ಲಿ; ಅದಕ್ಕೆ ಮುಂಚೆ ಜನ ಕಿಲೋಮೀಟರ್ ಏರಿಸುವ ಹೊತ್ತಿಗೆ ಇದು ಅವರ ಕೈಸೇರಬೇಕು. ಅಕ್ಟೋಬರ್ 10ರೊಳಗೆ ಬಂದರೆ ನವೆಂಬರ್ ಸಂಚಿಕೆಗೆ ತೆಗೆದುಕೊಳ್ಳುತ್ತೇವೆ.

ಸಂಪಾದಕ ಬಳಗ, ಮುಂಬಯಿ